ಎಡಮಂಡಿ

ವರ್ಲೀನ್ ಹ್ಯಾಚರ್ ಬರುವುದು
ಹುಡುಗಿಯರಿಗೆ ಮೊದಲು ಕೇಳಿಸುತ್ತದೆ:
ಮೆಟ್ಟಿಲಿಗೊಂದು ಲಟಕ್.

ಹನ್ನೊಂದು ವರ್ಷ, ಆರು ಜರ್ಸಿ.
ಕೌನಾಸ್‌ನಲ್ಲಿ ಸಂಬಳ ತಡ, ಬೀಟ್‌ರೂಟ್ ಸಾರು ತಣ್ಣಗೆ.
ಇಜ್ಮಿರ್‌ನಲ್ಲಿ ಕೊನೆಯ ನಾಲ್ಕು ಸೆಕೆಂಡು,
ಬುಟ್ಟಿಯಡಿ ಒಂಟಿಯಾಗಿ ಕೈಯೆತ್ತಿ ನಿಂತಿದ್ದಳು ನುರ್ಗುಲ್.
ಕಂಡಿದ್ದೆ, ಅನ್ನುತ್ತಾಳೆ. ಕೊಡಲಿಲ್ಲ.
ಚೆಂಡು ರಿಂಗಿಗೆ ಎರಡು ಸುತ್ತು ಬಂದು
ಆಚೆಗೇ ಇಳಿಯಿತು.

ಈಗ ಡಕೋಟದ ಪುಟ್ಟ ಕಾಲೇಜು.
ತಂಡದ ಬೆವರುಬಟ್ಟೆ ಒಗೆಯುವುದೂ ಅವಳೇ,
ವ್ಯಾನು ಓಡಿಸುವುದೂ.
ಪಾಸ್ ಕೊಡೇ, ಪಾಸ್ ಕೊಡೇ ಎಂದು
ಗಂಟಲು ಹರಿದುಕೊಂಡರೂ
ಇವತ್ತು ಮಾರೆನ್ ಕೊಡಲಿಲ್ಲ,
ತಾನೇ ಎಸೆದಳು.
ಬಿತ್ತು ಒಳಗೆ. ಗೆದ್ದರು.

ವ್ಯಾನಿನಲ್ಲಿ ಕೂಗಾಟ, ಪಿಜ್ಜಾದ ವಾಸನೆ.
ಹೊರಗೆ ಮೈನಸ್ ಇಪ್ಪತ್ತು.
ಬೈಯಲೆಂದು ಬಾಯಿ ತೆರೆದವಳು
ಕನ್ನಡಿಯಲ್ಲಿ ಆ ಮುಖ ಕಂಡು
ಹೀಟರು ಹೆಚ್ಚಿಸಿದಳು.