ಓದುವ ದಿನ

ಮೊದಲ ಸಲ ಏನೂ ಆಗುವುದಿಲ್ಲ.
ಅದನ್ನೇ ಯಾರೂ ನಂಬುವುದಿಲ್ಲ.

ಬಿಣಗಾದಲ್ಲಿ, ಹೆದ್ದಾರಿಗೆ ಬೆನ್ನು ಹಾಕಿ ಕೂತ ನಮ್ಮ ಲ್ಯಾಬು.
ಹೊರಗೆ ಜೂನ್, ಬೋಟುಗಳೆಲ್ಲ ದಡದಲ್ಲಿ.
ಒಳಗೆ ಇಪ್ಪತ್ತೆರಡು ಡಿಗ್ರಿ,
ಕಡಲಿನ ಸುದ್ದಿಯೇ ಇಲ್ಲದ ಹದಿನೈದು ಗಿನಿಯಿಲಿ.

ಚಿಲಕ ಸದ್ದಾದರೆ ಸಾಕು, ಸಿಳ್ಳೆ ಹಾಕುತ್ತವೆ.
ಯಾರೇ ಬರಲಿ, ಅವಕ್ಕೆ ಬೊಮ್ಮು ಗೌಡನೇ ಬಂದ ಲೆಕ್ಕ.
'ಒಂದ್ ನೆಲ್ಲಿಕಾಯಿ ತರ್ಲೇನ್ರಾ?'
ಪ್ರತಿ ಸೋಮವಾರ ಕೇಳುತ್ತಾನೆ.
ತರುವಂತಿಲ್ಲ. ಹೊರಗಿನದೇನೂ ಒಳಗೆ ಬರುವಂತಿಲ್ಲ,
ಆ ಒಂದು ಬಾಟಲಿ ಬಿಟ್ಟು.

ಬಾಟಲಿಗೆ ಹೆಸರಿಲ್ಲ, ಎಚ್-ಹದಿನೇಳು.
ಜೇನಿನ ಬಣ್ಣ. ಮುಚ್ಚಳ ತೆಗೆದರೆ
ಎರಡು ದಿನದ ಮೀನಿನ ನಾತ.
ಹೊಸಬರು ಮೂಗು ಮುಚ್ಚುತ್ತಾರೆ. ನನಗೆ ಅದು
ಭಾವನ ಅಂಗಿ.

ಹತ್ತಕ್ಕೆ ಅದು, ಐದಕ್ಕೆ ಬರೀ ಎಣ್ಣೆ.
ಭುಜದ ಕೂದಲು ಬೋಳಿಸಿ ಸೂಜಿ,
ಏಳನೆಯ ದಿನ ಅದೇ ಜಾಗಕ್ಕೆ ಪಟ್ಟಿ,
ಆಮೇಲೆ ಎರಡು ವಾರ ಯಾರೂ ಏನೂ ಮಾಡಕೂಡದು.
ವಿಶ್ರಾಂತಿ, ಎಂದು ಬರೆದಿದೆ ಫೈಲಿನಲ್ಲಿ.
ತಿನ್ನುತ್ತವೆ. ಒಂದರ ಬೆನ್ನಿಗೆ ಒಂದು ಗದ್ದ ಇಟ್ಟು ನಿದ್ದೆ ಮಾಡುತ್ತವೆ.
ಒಳಗೆ ಮಾತ್ರ ಚರ್ಮ
ಒಂದೇ ಮುಖವನ್ನು ಬಾಯಿಪಾಠ ಮಾಡುತ್ತಿರುತ್ತದೆ:
ಬರಲಿ ಇವನು, ಇನ್ನೊಂದು ಸಲ.

ಇಪ್ಪತ್ತೊಂದಕ್ಕೆ ಬರುತ್ತಾನೆ. ಪಕ್ಕೆಯ ಮೇಲೆ,
ಏನೂ ಸುಡದಷ್ಟು ತೆಳ್ಳಗಾಗಿ.
ಒಂದು ದಿನ ಕಟ್ಟಿ, ಬಿಚ್ಚಿ, ಇನ್ನೊಂದು ದಿನ ಕಾದು
ಓದುತ್ತೇವೆ.

ಓದಲು ನಾಲ್ಕೇ ಅಕ್ಷರ.
ಬಣ್ಣ ಬದಲಾಗಿಲ್ಲ, ಸೊನ್ನೆ.
ಅಲ್ಲಲ್ಲಿ ಕೆಂಪು, ಒಂದು.
ಕೆಂಪು ಕೆಂಪನ್ನು ಕೂಡಿಕೊಂಡರೆ ಎರಡು.
ಊದಿದರೆ ಮೂರು, ಅಲ್ಲಿಗೆ ಮುಗಿಯಿತು.
ಯಾವುದು ಹತ್ತರದ್ದು, ಯಾವುದು ಐದರದ್ದು,
ಓದುವವಳಿಗೆ ಹೇಳುವುದಿಲ್ಲ.
ತುರಿಕೆಗೆ ಕಾಲಂ ಇಲ್ಲ. ಅದನ್ನು
ರಾತ್ರಿ ಪಾಳಿಯ ಬೊಮ್ಮು ಗೌಡ ನೋಡಿದ್ದಾನೆ,
ಹಿಂಗಾಲು ಪಕ್ಕೆಗೆ ಎಟಕದೆ ಗಾಳಿಯಲ್ಲೇ ಕೆರೆದದ್ದನ್ನು.

ಏಳು ಕೆಂಪಾಗಿದ್ದವು.

ಬೈತಖೋಲದ ಧಕ್ಕೆಯ ಹಿಂದೆ ಫೈಬರ್ ದೋಣಿಗಳಿಗೆ
ಪದರದ ಮೇಲೆ ಪದರ ಹಚ್ಚುತ್ತಾನೆ
ನನ್ನ ಭಾವ ರೋಹಿದಾಸ ತಾಂಡೇಲ.
ಗ್ಲೌಸು ಹಾಕಿದರೆ ಬ್ರಶ್ಶು ಜಾರುತ್ತದಂತೆ.
ಕೈ ತೊಳೆಯುವುದು ಥಿನ್ನರಿನಲ್ಲಿ.
ಹೋದ ಮಳೆಗಾಲವೂ ಹಚ್ಚಿದ್ದ, ಏನೂ ಆಗಲಿಲ್ಲ.
ಆಗಸ್ಟಿನಲ್ಲಿ ಬೋಟು ಇಳಿಯಿತು, ಇವನೂ ಇಳಿದ,
ಬಲೆ, ಹಗ್ಗ, ಐಸು, ಹತ್ತು ತಿಂಗಳು
ವಿಶ್ರಾಂತಿ.
ಈ ಜೂನಿಗೆ ಮತ್ತೆ ಡಬ್ಬ ತೆರೆದ.

ಓದಿದ ದಿನ ರಾತ್ರಿ ಅವನ ಎದುರು ಊಟಕ್ಕೆ ಕೂತಿದ್ದೆ.
ಅನ್ನಕ್ಕೆ ಕೈ ಹಾಕಿದ. ಮಣಿಕಟ್ಟು ಕಂಡಿತು.
'ಉಪ್ಪುನೀರಿಂದು,' ಅಂದ, ನಾನು ಕೇಳುವ ಮೊದಲೇ.
ಬಲ್ಬು ಮಂಕಾಗಿತ್ತು. ಆದರೂ ಕಣ್ಣಿಗೆ ರೂಢಿ,
ಬಾಯಿಂದ ಬಿದ್ದೇ ಹೋಯಿತು:
'ಎರಡು.'

ಅಕ್ಕ ಸುಟ್ಟ ಒಣಬಂಗಡೆ ಎರಡು
ನನ್ನ ತಟ್ಟೆಗೆ ಹಾಕಿದಳು.
ತಿಂದೆ.

ಶುಕ್ರವಾರ ಹದಿನೈದು ಗೂಡು ತೊಳೆದು ಬೋರಲು ಹಾಕಿದರು.
ಹತ್ತಲ್ಲ, ಹದಿನೈದು.
ಏನೂ ಆಗದ ಐದೂ ಅದರಲ್ಲಿ.
ಚಿಲಕ ಎರಡು ಸಲ ಎಳೆದು ನೋಡಿದ ಬೊಮ್ಮು ಗೌಡ,
ಸುಮ್ಮನೆ.

ಭಾನುವಾರ ಧಕ್ಕೆಗೆ ಹೋದೆ. ಭಾವನ ಡಬ್ಬದ್ದು ಎಚ್-ಹದಿನೇಳಲ್ಲ,
ಅದು ಪೇಟೆಗೆ ಬರಲು ಇನ್ನೂ ವರ್ಷ ಬೇಕು;
ಇದು ಅದರ ಅಣ್ಣ.
ಒರೆಸಿ, ತಿರುಗಿಸಿ, ತಳದ ಹತ್ತಿರ
ಇರುವೆ ಸಾಲಿನಂಥ ಇಂಗ್ಲಿಷ್ ಹುಡುಕಿದೆ.
ಯಾವ ಊರಿನ ಯಾವ ಗೂಡುಗಳಲ್ಲಿ
ಯಾರು ಓದಿದ್ದೋ ಅದು.
ಕನ್ನಡ ಮಾಡಿ ಹೇಳಿದೆ:
ಚರ್ಮಕ್ಕೆ ಅಲರ್ಜಿ ತರಬಹುದು.

'ಬಹುದು ಅಂದ್ರೆ?' ಕೇಳಿದ ಭಾವ,
ಕೆರೆದುಕೊಳ್ಳುತ್ತಲೇ.