ಹಳದಿ ಬೇಸಿನ್ನು

ಬ್ರಹ್ಮಾವರದ ಸಂತೆಯಲ್ಲಿ ಕೊಂಡ ಹಳದಿ ಬೇಸಿನ್ನು,
ಅರ್ಧ ನೀರು, ಎರಡು ತೊಟ್ಟು ಸೋಪು.
ಬಾರ್ಕೂರಿನ ಹೊಳೆಬದಿ, ಸುಗ್ಗಿ ಗದ್ದೆ,
ಅಲಸಂಡೆ ಸಾಲಿನ ನಡುವೆ ಕಲ್ಲಿನ ಮೇಲೆ ಇಟ್ಟಿದ್ದೇನೆ.
ಹಳದಿ ಕಂಡರೆ ಎಳೆ ಚಿಗುರೆಂದು ತಿಳಿದು
ಇಳಿಯುತ್ತವೆ, ಪಾಪ, ರೆಕ್ಕೆ ಬಂದ ಹೇನುಗಳು.

ಬೆಳಿಗ್ಗೆ ಏಳು. ಚೂಡಿದಾರಿನ ಕಾಲು ಇಬ್ಬನಿಗೆ ಒದ್ದೆ.
ಮಗಳ ಡ್ರಾಯಿಂಗ್ ಡಬ್ಬದಿಂದ ಕದ್ದ ಕುಂಚದ ತುದಿಯಲ್ಲಿ
ಒಂದೊಂದನ್ನೇ ಎತ್ತಿ ಬಿಳಿ ಬಸಿಗೆ ಹಚ್ಚುತ್ತೇನೆ.
ಭೂತಗನ್ನಡಿ. ಕರಿ ಮೈ, ಹಿಂಬದಿ ಎರಡು ಪುಟ್ಟ ಕೊಳವೆ:
ಇದು ನಮ್ಮದು.
ಇದು ಸೊಳ್ಳೆ. ಇದು ಜಿಗಿಹುಳ. ಇದು ಯಾರೋ ದಾರಿ ತಪ್ಪಿದವರು.
ಆಚೆ ರೈಲು ಹಾದರೆ ನೀರು ಒಮ್ಮೆ ನಡುಗುತ್ತದೆ,
ತೇಲುವವರೆಲ್ಲ ಜಾಗ ಬದಲಿಸುತ್ತಾರೆ,
ಮತ್ತೆ ಮೊದಲಿಂದ ಎಣಿಕೆ.
ಸೋಮವಾರ ಮೂರು. ಗುರುವಾರ ಹನ್ನೊಂದು.

ಮುತ್ತು ಪೂಜಾರ್ತಿ ಬೇಲಿಗೆ ಕೈಯಿಟ್ಟು ನಗುತ್ತಾಳೆ:
“ಹೇನ್ ಎಣ್ಸುಕೆ ಸಂಬ್ಳ ಕೊಡ್ತ್ರಾ ಮಾರಾಯ್ತಿ?
ಹಾಂಗಾರೆ ನನ್ನ ಮೊಮ್ಮಗ್ಳ ತಲಿ ಒಂದ್ ಕಾಣ್,
ನಿಂಗೆ ವರ್ಷಕ್ಕಾಪಷ್ಟ್ ಲೆಕ್ಕ ಇತ್ತ್.”

ನಾನೂ ನಕ್ಕೆ. ನನ್ನಮ್ಮ ಜಗಲಿಯಲ್ಲಿ
ನನ್ನ ತಲೆಯನ್ನು ಮೊಣಕಾಲ ನಡುವೆ ಸಿಕ್ಕಿಸಿ
ಬಿಳಿ ಪಂಚೆಯ ಮೇಲೆ ಬಾಚುತ್ತಿದ್ದಳು.
ಉಗುರಿನ ಮೇಲೆ ಉಗುರು, ಟಿಕ್,
ಟಿಕ್ಕಿಗೊಂದು ಎಣಿಕೆ, ಎಣಿಕೆಗೊಂದು ಬೈಗುಳ:
ಯಾರ ಪಕ್ಕ ಕೂತೆ? ಯಾರ ತಲೆಗೆ ತಲೆ ಕೊಟ್ಟೆ?
ಆಗಲೂ ನಾನು ಹೆಸರು ಹೇಳಿರಲಿಲ್ಲ.

ಹೊಟ್ಟೆ ತುಂಬ ಹೀರಿ ಅಲ್ಲೇ ಕೂರುವ ಹೇನು ಅಷ್ಟು ಕೆಟ್ಟದ್ದಲ್ಲ.
ಅದಕ್ಕೆ ಇರುವೆ ಕಾವಲು, ಗುಲಗಂಜಿ ಹುಳಕ್ಕೆ ಅದು ಊಟ;
ಗಂಡಿನ ಗೊಡವೆಯಿಲ್ಲದೆ ಹೆಣ್ಣು ಹೆಣ್ಣನ್ನೇ ಹೆತ್ತು,
ಹುಟ್ಟುವ ಮಗಳ ಹೊಟ್ಟೆಯಲ್ಲಿ ಮೊಮ್ಮಗಳು ಆಗಲೇ ತಯಾರು,
ಒಂದು ಕುಡಿಯಲ್ಲಿ ನಾಲ್ಕು ತಲೆಮಾರಿನ ಕುಟುಂಬ.
ಕೆಟ್ಟದ್ದು, ಕೂರದೆ ಹೋಗುವುದು.
ಎಲೆಗೆ ಸೂಜಿಮೂತಿ ಊರಿ, ಒಂದು ಗಳಿಗೆ ರುಚಿ ನೋಡಿ,
ಇದಲ್ಲ ಎಂದು ಪಕ್ಕದ ಗಿಡ,
ಅದೂ ಅಲ್ಲ ಎಂದು ಆಚೆ ಗದ್ದೆ.
ಮೂತಿಯ ತುದಿಗೆ ಅಂಟಿದ ನಂಜಿನ ಸುದ್ದಿ
ಅದಕ್ಕೇ ಗೊತ್ತಿಲ್ಲ.
ಮದ್ದು ಹೊಡೆದರೆ ಸಾಯುತ್ತದೆ, ಹೌದು,
ಹೇಳುವುದನ್ನೆಲ್ಲ ಹೇಳಿ ಮುಗಿಸಿದ ಮೇಲೆ.

ಶನಿವಾರ ನಲವತ್ತಾರು.
ನನ್ನ ಪುಸ್ತಕದಲ್ಲಿ ಕೆಂಪು ಗೆರೆ ಇಪ್ಪತ್ತಕ್ಕೇ ಇದೆ.
ಮೂರನೆಯ ಸಾಲಿನ ಎಲೆ ಸುಕ್ಕು, ಹಸಿರಿನೊಳಗೆ ಮಚ್ಚೆ,
ಬೇಸಿನ್ನಿನ ಬಣ್ಣವೇ ಸೋರಿ ಅಲ್ಲಿಗೆ ಹರಿದಂತೆ.
“ಇವನ್ನು ಕಿತ್ತು ಸುಡಬೇಕು, ಮುತ್ತಕ್ಕ.”
“ಹೂ ಬಿಟ್ಟದ್ದನ್ನ ಕೀಳುಕೆ ಕೈ ಬತ್ತಿಲ್ಲೆ.
ನಮ್ಮತ್ತೆ ಕೊಟ್ಟ ಬಿತ್ತ್ ಇದ್, ಬೂದಿ ಹಾಕಿ
ಮೂವತ್ತ್ ವರ್ಷದಿಂದ ಇಟ್ಕಂಡ್ ಬಂದದ್.
ಆ ಹಾಳ್ ಹೇನ್ ಎಲ್ಲಿಂದ ತಂತೋ!”

ಎಲ್ಲಿಂದಲೂ ತಂದಿಲ್ಲ.
ಹೊಳೆ ದಾಟಿ ಬಂದದ್ದಲ್ಲ, ಗಾಳಿಯ ತಪ್ಪೂ ಅಲ್ಲ.
ಮೊದಲ ಮಚ್ಚೆ ಬಿತ್ತಿನೊಳಗೇ ಮಲಗಿತ್ತು ಎಂದು
ಪ್ರಯೋಗಶಾಲೆಯ ಚೀಟಿ ನನ್ನ ಚೀಲದಲ್ಲಿದೆ.
ಒಲೆಯ ಮೇಲೆ ತೂಗುವ ಸೋರೆಬುರುಡೆಯಲ್ಲಿ,
ಬೂದಿಯ ಬೆಚ್ಚನೆ ಕತ್ತಲಲ್ಲಿ,
ಅತ್ತೆಯ ಕೈಯಿಂದ ಸೊಸೆಯ ಕೈಗೆ.
ಹೇನು ಬರೀ ಮನೆ ಮನೆಗೆ ತಲುಪಿಸಿತು.

ಚೀಟಿ ತೆಗೆಯಲಿಲ್ಲ.
ಬಿತ್ತಿನ ಮಾತು ಬಿತ್ತುವ ಹೊತ್ತಿಗಿರಲಿ ಎಂದು
ಮೊಣಕಾಲೂರಿ ಮೊದಲ ಗಿಡ ನಾನೇ ಎಳೆದೆ.
ಎರಡನೆಯದು ಎಳೆಯುವಾಗ ಪಕ್ಕದಲ್ಲಿ ಅವಳ ಬಳೆಯ ಸದ್ದು.
ಸಾಲು ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ.
ಹಸಿ ಗಿಡ, ಬೆಂಕಿ ಹತ್ತದು; ಹೊಗೆ ಮಾತ್ರ
ಹೊಳೆಯ ಮೇಲೆ ನಿಧಾನ, ತಗ್ಗಿನಲ್ಲೇ ಹೋಯಿತು.

ಅಂಚಿನ ಗಿಡದಲ್ಲಿ ಮೊದಲೇ ಬಲಿತಿದ್ದ ಒಂದು ಕೋಡನ್ನು
ಅವಳು ಮುರಿದು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಕಂಡೆ.
ನಲವತ್ತಾರು ಎಂದು ಬರೆದೆ.
ಕೋಡಿಗೆ ನನ್ನ ಪುಸ್ತಕದಲ್ಲಿ ಕಾಲಮ್ಮಿಲ್ಲ.