ಏಳು ತೇಪೆಯ ಟ್ಯೂಬು

ಬೈತಖೋಲದ ದಂಡೆಯಲ್ಲಿ ಒಂದು ದೋಣಿ
ಬೆನ್ನು ಬಿಸಿಲಿಗೆ ಕೊಟ್ಟು ಮಗುಚಿ ಮಲಗಿತ್ತು.
ಪಕ್ಕದಲ್ಲೇ ತಲೆಕೆಳಗಾಗಿ ನನ್ನ ಸೈಕಲ್ಲು.
ಚಮಚದ ಹಿಡಿಯಿಂದ ಟೈರಿನ ತುಟಿ ಎಬ್ಬಿಸಿ
ಟ್ಯೂಬು ಎಳೆದೆ. ಬಂತು,
ಮೀನಿನ ಕರುಳಿನ ಹಾಗೆ, ಉದ್ದಕ್ಕೆ.

"ಅಕ್ಕೋರೆ, ಕರುಳು ತೆಗೆದ ಮೇಲೆ ಓಡುವುದು ಹೇಗೆ?"
ಕೇಳಿದವನು ಪುರ್ಸು ತಾಂಡೇಲ.
ಹಲಗೆಯ ಸಂದಿಗೆ ಹತ್ತಿ ಹೊಡೆದು ಹೊಡೆದು
ಮೂವತ್ತು ವರ್ಷ ಸಮುದ್ರವನ್ನು ಹೊರಗೇ ನಿಲ್ಲಿಸಿದವನು.
ನಾನು ಗಾಳಿಯನ್ನು ಒಳಗೆ ನಿಲ್ಲಿಸಬೇಕು, ಅಷ್ಟೇ, ಎಂದೆ.
"ಹಾಗಾದರೆ ಒಂದೇ ಕಸುಬು," ಅಂದ,
"ಕಳ್ಳ ಬರುವ ದಿಕ್ಕು ಮಾತ್ರ ಬೇರೆ."

ಮೂವತ್ತೆರಡು ಕಡ್ಡಿ, ಮೂವತ್ತೆರಡು ತೂತು.
ರಿಮ್ಮು ಒರೆಸಿ ಟೇಪು ಸುತ್ತಿದೆ,
ಒಂದು ಸುಕ್ಕೂ ಉಳಿಯಬಾರದು.
ಉಳಿಯಿತು. ಕಿತ್ತು ಮತ್ತೆ ಸುತ್ತಿದೆ.
ವಾಲ್ವಿಗೆಂದು ಸೂಜಿ ಹಿಡಿದಾಗ ಕೈ ಹಿಂಜರಿಯಿತು,
ಈಗಷ್ಟೇ ಮುಚ್ಚಿದ್ದನ್ನು ಚುಚ್ಚಲು.

ಬಾಟಲಿ ಕುಲುಕಿ ಹೊಯ್ದೆ: ರಬ್ಬರಿನ ಹಾಲು,
ನೂರು ಮಿಲಿ, ಐಸ್ ಫ್ಯಾಕ್ಟರಿಯ ಘಾಟು.
ಮೋತಾಬಾಯಿ ಸೆರಗಿನಿಂದ ಮೂಗು ಮುಚ್ಚಿದಳು,
ಸಿಗಡಿ ಒಣಗಿಸುತ್ತ ಕೂತವಳು!

ಕೈಪಂಪು ಹೊಡೆದೆ. ನೂರು. ಇನ್ನೂರು.
ಗಾಳಿ ಮುಂಬಾಗಿಲಿಂದ ಹೊಕ್ಕು
ಸಾಲ ಕೇಳಲು ಬಂದ ನೆಂಟನಂತೆ
ಹಿತ್ತಿಲಿಂದ ಜಾರಿಕೊಂಡಿತು.
ಮೂರನೇ ಸಲ ಹಾಲು ಉಗಿದದ್ದು ನನ್ನ ಕನ್ನಡಕಕ್ಕೆ.

ಕೊನೆಗೆ ಪುರ್ಸು, ದೋಣಿಗೆ ಬಣ್ಣ ಹೊಡೆಯುವ
ಕಂಪ್ರೆಸರಿನ ಕೊಳವೆ ಎಳೆದು ತಂದ.
"ಭರತ ಒಮ್ಮೆಲೇ ಬರಬೇಕು ಅಕ್ಕೋರೆ,
ಚೊಂಬಿನಲ್ಲಿ ಹೊತ್ತು ತಂದರೆ ದೋಣಿ ಏಳುವುದಿಲ್ಲ."

ಟಪ್.
ಟಪ್ ಟಪ್.

ಬೆಕ್ಕು ಬುಟ್ಟಿ ಉರುಳಿಸಿ ಓಡಿತು.
ಮೋತಾಬಾಯಿ ನೌಕಾನೆಲೆಯ ಬೇಲಿಯತ್ತ ತಿರುಗಿ
ಕೊಂಕಣಿಯಲ್ಲಿ ಒಂದು ಬೈಗುಳ ಎಸೆದಳು.
ಅವಳ ಊರು ಈಗ ಆ ಬೇಲಿಯೊಳಗಿದೆ.
ಅವರಲ್ಲ, ನಾನು ಎಂದೆ.
"ಗೊತ್ತು," ಅಂದಳು.

ಟೈರು ಕೂತಿತ್ತು. ಸಾಬೂನು ನೀರು ಸವರಿದೆವು.
ಸಾಸಿವೆ ಗಾತ್ರದ ಗುಳ್ಳೆ ಎರಡು ಎದ್ದವು,
ಸ್ವಲ್ಪ ತಿರುಗಿಸಿದಾಗ ಇಲ್ಲವಾದವು.
ಒಳಗೆ ಹಾಲು ಕತ್ತಲಲ್ಲಿ ತಡಕಿ ತಡಕಿ
ತೂತಿನ ಬಾಯಲ್ಲಿ ತಾನೇ ಹೆಪ್ಪಾಗಿತ್ತು.

ಮರಳ ಮೇಲೆ ಟ್ಯೂಬು ಬಿದ್ದಿತ್ತು. ಏಳು ತೇಪೆ.
ಒಂದು ಉಳಗಾದ್ದು, ಕಾರೆಮುಳ್ಳು. ಗುಳ್ಳೆ ನೋಡಲು
ಬಾವಿಯಿಂದ ನೀರು ಸೇದಿಕೊಟ್ಟ ಮುದುಕಿ
ಪಕ್ಕ ಕೂತು ಕವಳ ಹಾಕಿದಳು,
ಮದುವೆಯಾಗಿದೆಯೇ ಎಂದು ಮಾತ್ರ ಕೇಳಲಿಲ್ಲ.
ಎರಡು ಕದ್ರಾ ರಸ್ತೆಯವು, ಒಂದೇ ದಿನದವು.
ಶಾಲೆ ತಪ್ಪಿಸಿ ಎಮ್ಮೆ ಮೇಯಿಸುತ್ತಿದ್ದ ಧೋಂಡು ಗೌಳಿ
ನನಗೆ ಕಲಿಸಿದ: "ಅಂಟು ಆರುವ ತನಕ ಸುಮ್ಮನಿರಬೇಕು."
ಸೋಮವಾರ ಕ್ಲಾಸಿಗೆ ಬಂದ.
ಮಂಗಳವಾರ ಬರಲಿಲ್ಲ.
ಮೂರು ನೆನಪಿಲ್ಲ.
ಇನ್ನೊಂದು ನೆನಪಿದೆ, ಹೇಳುವುದಿಲ್ಲ.

ಇನ್ನು ಮುಳ್ಳು ಚುಚ್ಚಿದರೆ ನನಗೆ ಸುದ್ದಿಯೇ ಬರುವುದಿಲ್ಲವಂತೆ.
ಚಕ್ರ ಓಡುತ್ತಲೇ ತನ್ನ ಗಾಯ ಮುಚ್ಚಿಕೊಳ್ಳುತ್ತದೆ.
ಉಳಗಾದ ಬಾವಿಕಟ್ಟೆ ಬಂದಾಗ
ಯಾವ ನೆಪ ಹೇಳಿ ಇಳಿಯಲಿ?

ಪುರ್ಸು ಟ್ಯೂಬು ಬೇಡಿದ, ಹುಟ್ಟು ಬಿಗಿಯಲು.
ಕತ್ತಿ ಹಾಕಿ ಪಟ್ಟಿ ಪಟ್ಟಿ ಮಾಡಿದ.
ತೇಪೆಗಳನ್ನು ಎಸೆಯುತ್ತಾನೆ ಅಂದುಕೊಂಡೆ.
"ಇಲ್ಲ, ಇವೇ ದಪ್ಪ," ಎಂದು ಆರಿಸಿಟ್ಟುಕೊಂಡ.

ರಾತ್ರಿ ಎರಡು ಸಲ ಎದ್ದು ಒತ್ತಿ ನೋಡಿದೆ, ಕಲ್ಲು.
ಬೆಳಿಗ್ಗೆ ಹಿಂದಿನ ಚಕ್ರ ಅರ್ಧ ಇಳಿದಿತ್ತು.
ಫೋನು ಮಾಡಿದೆ. "ಹೊಸ ದೋಣಿಯೂ ಮೊದಲ ದಿನ
ನೀರು ಕುಡಿಯುತ್ತದೆ, ಹಲಗೆ ಊದಬೇಕಲ್ಲ,"
ಅಂದ ಪುರ್ಸು, ಆಕಳಿಸುತ್ತ.

ಕೋಡಿಬಾಗದ ನನ್ನ ಮೆಟ್ಟಿಲ ಮೇಲೆ
ಪಂಪು ಹಿಡಿದು ಕೂತೆ.
ಶಾಲೆಗೆ ಇನ್ನೂ ಹೊತ್ತಿತ್ತು.